ಹಳೆಯ ಗಿಟಾರ್ ಆಂಪ್‌ಗೆ ಎಫೆಕ್ಟ್ ಸೇರಿಸುವುದು

ಅಮೆರಿಕದ ಫೆಂಡರ್ ಕಂಪನಿ 1950ರ ದಶಕದ ಕೊನೆಯಲ್ಲಿ ತಯಾರಿಸುತ್ತಿದ್ದ ಬಾಸ್‌ಮನ್, ಹತ್ತಿಂಚಿನ ನಾಲ್ಕು ಸ್ಪೀಕರ್‌ಗಳಿದ್ದ ವಾಲ್ವ್ ಆಂಪ್ಲಿಫೈಯರ್. ಬಾಸ್ ಗಿಟಾರ್‌ಗೆಂದು ರೂಪಿಸಿದ್ದರೂ ಮಾಮೂಲಿ ಗಿಟಾರ್ ನುಡಿಸುವವರೇ ಅದನ್ನು ಹೆಚ್ಚು ಮೆಚ್ಚಿದರು. ಲಂಡನ್ನಿನ ಜಿಮ್ ಮಾರ್ಷಲ್ ಅವರ ಮೊದಲ ಆಂಪ್ ಜೆಟಿಎಂ45 ಅದರ ಸರ್ಕ್ಯೂಟನ್ನೇ ಬಹುಪಾಲು ಅನುಸರಿಸಿತು. ಆದರೆ ಬಾಸ್‌ಮನ್‌ನಲ್ಲಿ ರಿವರ್ಬ್ ಇಲ್ಲ, ಟ್ರೆಮೊಲೊ ಇಲ್ಲ, ಎಫೆಕ್ಟ್ ಲೂಪ್ ಅಂತೂ ಇಲ್ಲವೇ ಇಲ್ಲ.

ಸದ್ದು ಒಡೆಯುವ ಜಾಗ

ಗಿಟಾರಿನ ಸಿಗ್ನಲ್ ಮೊದಲು ಪ್ರೀಆಂಪ್‌ನಲ್ಲಿ ಬೆಳೆದು, ಆಮೇಲೆ ಪವರ್ ಆಂಪ್‌ಗೆ ಹೋಗುತ್ತದೆ. ಈಚಿನ ಅನೇಕ ಆಂಪ್‌ಗಳಲ್ಲಿ ಸದ್ದು ಒಡೆಯುವುದು (ಡಿಸ್ಟಾರ್ಷನ್) ಪ್ರೀಆಂಪ್‌ನಲ್ಲಿ. ಪೆಡಲ್‌ಗಳನ್ನು ಜೋಡಿಸುವ ಎಫೆಕ್ಟ್ ಲೂಪ್ ಅದರ ನಂತರ, ಪವರ್ ಆಂಪ್‌ಗಿಂತ ಮೊದಲು ಇರುವುದರಿಂದ, ಒಡೆದ ಸದ್ದಿನ ಮೇಲೆ ಎಕೋ ಸ್ವಚ್ಛವಾಗಿ ಕೂರುತ್ತದೆ. ಹಳೆಯ ಆಂಪ್‌ಗಳಲ್ಲಿ ವಾಲ್ಯೂಮ್ ಏರಿಸಿದಾಗ ಪವರ್ ವಾಲ್ವ್‌ಗಳೂ ಒಡೆಯುತ್ತವೆ. ಆಗ ಸಿಗ್ನಲ್‌ನ ಏರಿಳಿತ ಕುಗ್ಗಿ, ಮೆಲ್ಲಗೆ ಕರಗಬೇಕಿದ್ದ ಎಕೋ ಮೂಲ ಸ್ವರದೊಂದಿಗೇ ಮೇಲೆದ್ದು ಎಲ್ಲವೂ ಕಲಸಿಹೋಗುತ್ತದೆ. ಹಿಂಬದಿಗೆ ತೂತು ಕೊರೆದು ಲೂಪ್ ಹಾಕಿದರೂ ಈ ತೊಂದರೆ ತಪ್ಪದು. ಒಡೆಯುವ ಜಾಗ ಲೂಪಿನ ಆಚೆಗಿದೆ. ಆದ್ದರಿಂದ ಅರವತ್ತು ವರ್ಷ ಉಳಿದುಬಂದ ಆಂಪನ್ನು ಕೊರೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಂಪ್‌ಗಿಂತ ಮೊದಲು

ಫಝ್, ವಾ ಪೆಡಲ್‌ಗಳು ಹುಟ್ಟಿದ್ದೇ ಇಂಥ ಆಂಪ್‌ಗಳ ಮುಂದೆ ಕೂರಲು. ಮೇಸ್ಟ್ರೋ ಫಝ್‌ಟೋನ್ 1962ರಲ್ಲಿ ಮಾರುಕಟ್ಟೆಗೆ ಬಂತು. ಫಝ್ ಫೇಸ್‌ನಂಥ ಪೆಡಲನ್ನು ಗಿಟಾರಿಗೆ ನೇರವಾಗಿ ಜೋಡಿಸಬೇಕು. ನಡುವೆ ಸಿಗ್ನಲ್‌ಗೆ ಬಲ ಕೊಡುವ ಬಫರ್ ಸರ್ಕ್ಯೂಟ್ ಬಂದರೆ ಸದ್ದು ಕರ್ಕಶವಾಗುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿ ಸದ್ದನ್ನು ತಿಳಿಗೊಳಿಸುವ ಸೊಗಸೂ ಹೋಗುತ್ತದೆ. ಎಕೋ ಸಾಲಿನ ಕೊನೆಗಿರಲಿ, ಅದರ ಮಟ್ಟ ತಗ್ಗಿರಲಿ.

ರಿವರ್ಬ್‌ಗೂ ಆ ಕಾಲದಲ್ಲೇ ದಾರಿ ಸಿಕ್ಕಿತ್ತು. ಫೆಂಡರ್ 1961ರಲ್ಲಿ ಸ್ಪ್ರಿಂಗ್ ಇರುವ ಪ್ರತ್ಯೇಕ ರಿವರ್ಬ್ ಪೆಟ್ಟಿಗೆಯನ್ನು ತಂದಿತು. ಅದನ್ನು ಗಿಟಾರಿಗೂ ಆಂಪಿಗೂ ನಡುವೆ ಜೋಡಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಸರ್ಫ್ ಸಂಗೀತದ ಒದ್ದೆಯಾದ, ಚಿಮ್ಮುವ ನಾದ ಆ ಪೆಟ್ಟಿಗೆಯದೇ. ಕಂಪನಿ ಆಂಪ್‌ನೊಳಗೇ ರಿವರ್ಬ್ ಕೊಟ್ಟದ್ದು 1963ರ ವೈಬ್ರೊವರ್ಬ್‌ನಲ್ಲಿ.

ಆಂಪ್ ದಾಟಿದ ಮೇಲೆ

ಜೋರಾಗಿ ಒಡೆದ ಸದ್ದಿಗೆ ಸ್ವಚ್ಛ ಎಕೋ ಬೇಕೇ? ರೆಕಾರ್ಡಿಂಗ್‌ನಲ್ಲಾದರೆ ಸ್ಪೀಕರ್ ಮುಂದೆ ಮೈಕ್ ಇಟ್ಟು, ಎಫೆಕ್ಟನ್ನು ಮಿಕ್ಸರ್‌ನಲ್ಲಿ ಸೇರಿಸಿದರಾಯಿತು. ವೇದಿಕೆಯಲ್ಲಾದರೆ ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಸದ್ದು ತಗ್ಗಿಸುವ, ಲೈನ್ ಔಟ್ ಇರುವ ಅಟೆನ್ಯುಯೇಟರ್ ಮೂಲಕ ಸದ್ದಿನ ಒಂದು ಅಂಶವನ್ನು ಎಕೋ ಪೆಡಲ್‌ಗೆ ಕಳುಹಿಸಿ, ಅಲ್ಲಿಂದ ಎರಡನೆಯ ಆಂಪ್‌ಗೆ ಕೊಡಬಹುದು. ಸ್ಪೀಕರ್ ಜ್ಯಾಕನ್ನು ನೇರವಾಗಿ ಪೆಡಲ್‌ಗೆ ಚುಚ್ಚಿದರೆ ಪೆಡಲ್ ಸುಡುತ್ತದೆ. ಸ್ಪೀಕರಾಗಲೀ ಲೋಡಾಗಲೀ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಕರೆಂಟಿನ ಎಚ್ಚರ

ಒಳಗೆ 400 ವೋಲ್ಟ್‌ಗೂ ಮೀರಿದ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಮುಚ್ಚಳ ತೆಗೆಯುವ ಕೆಲಸ ಬಲ್ಲ ಮೆಕ್ಯಾನಿಕ್‌ಗೇ ಇರಲಿ. ಹಳೆಯ ಎರಡು ಪಿನ್ನಿನ ವೈರ್ ಬದಲಿಸಿ ಅರ್ತ್ ಇರುವ ಮೂರು ಪಿನ್ನಿನದನ್ನು ಹಾಕಿಸುವುದೊಂದೇ ಕಡ್ಡಾಯದ ಮಾರ್ಪಾಡು. ಅಮೆರಿಕದಲ್ಲಿ ಮಾರಾಟವಾದ ಆಂಪನ್ನು ನಮ್ಮ 230 ವೋಲ್ಟ್ ಸಾಕೆಟ್‌ಗೆ ನೇರವಾಗಿ ಹಾಕುವಂತಿಲ್ಲ. ಸಾಕಷ್ಟು ವ್ಯಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಮೂಲಕವೂ ಅರ್ತ್ ತಂತಿ ಕಡಿಯದೆ ಆಂಪ್‌ನ ಲೋಹದ ಚಾಸಿಸ್‌ವರೆಗೆ ತಲುಪಿರಬೇಕು.