ಯೂರಿಕ್ ಆಸಿಡ್ ಹೆಚ್ಚಾದರೆ ಬಿಪಿಯೂ ಏರುತ್ತಾ? ನಿಮ್ಮ ಮಾತ್ರೆಯನ್ನೂ ಒಮ್ಮೆ ನೋಡಿ

ಯೂರಿಕ್ ಆಸಿಡ್ ಎಂದ ಕೂಡಲೇ ನೆನಪಾಗುವುದು ಕಾಲಿನ ಹೆಬ್ಬೆರಳ ಊತ, ಕೀಲು ನೋವು. ಆದರೆ ಇದರ ಮಟ್ಟ ಹೆಚ್ಚಿರುವವರಲ್ಲಿ ಮುಂದೆ ಅಧಿಕ ರಕ್ತದೊತ್ತಡ ಕಾಣಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಪುರುಷರಿಗೆ 7, ಮಹಿಳೆಯರಿಗೆ 6 ಮಿಲಿಗ್ರಾಂ ದಾಟಿದರೆ ಹೆಚ್ಚು ಎಂದರ್ಥ.

ಹಾಗಾದರೆ ಯೂರಿಕ್ ಆಸಿಡ್ ಇಳಿಸಿದರೆ ಬಿಪಿ ಇಳಿಯುತ್ತದೆಯೇ? ಹೊಸದಾಗಿ ಬಿಪಿ ಪತ್ತೆಯಾಗಿದ್ದ 30 ಹದಿಹರೆಯದವರಿಗೆ ಅಲೋಪ್ಯೂರಿನಾಲ್ ಕೊಟ್ಟಾಗ ರಕ್ತದೊತ್ತಡ ತಗ್ಗಿದ್ದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಂಡುಬಂದಿತ್ತು. ವಯಸ್ಕರಲ್ಲಿ ಇಂಥ ಸ್ಪಷ್ಟ ಫಲಿತಾಂಶ ಸಿಕ್ಕಿಲ್ಲ. ಹೀಗಾಗಿ ವೈದ್ಯರು ಇದನ್ನು ಬಿಪಿ ಮಾತ್ರೆಯಾಗಿ ಬರೆದುಕೊಡುವುದಿಲ್ಲ.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ಕೆಲವೊಮ್ಮೆ ಬಿಪಿ ಮಾತ್ರೆಯೇ ಯೂರಿಕ್ ಆಸಿಡ್ ಏರಿಸುತ್ತದೆ! ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್‌ನಂಥ ಔಷಧಿ ಸೇವಿಸುವಾಗ, ಮೂತ್ರಪಿಂಡಗಳು ಯೂರಿಕ್ ಆಸಿಡನ್ನು ಹೊರಹಾಕುವುದು ಕಡಿಮೆಯಾಗುತ್ತದೆ. ಅನೇಕ ಜೋಡಿ ಮಾತ್ರೆಗಳಲ್ಲಿ ಇದು ಬೆರೆತಿರುವುದರಿಂದ ಸ್ಟ್ರಿಪ್ ಹಿಂಬದಿಯಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ಇದಕ್ಕೆ ವಿರುದ್ಧವಾಗಿ ಲೋಸಾರ್ಟಾನ್ ಯೂರಿಕ್ ಆಸಿಡನ್ನು ತುಸು ಇಳಿಸುತ್ತದೆ.

ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಿಪಿ ದಿಢೀರ್ ಏರಬಹುದು. ರಿಪೋರ್ಟ್ ಜೊತೆ ಸ್ಟ್ರಿಪ್ಪನ್ನೂ ವೈದ್ಯರಿಗೆ ತೋರಿಸಿ, ಮಾತ್ರೆ ಬದಲಿಸಬಹುದೇ ಎಂದು ಕೇಳಿ.