ಗೋಡೆಯಾಚೆಯ ಕ್ಷೇಮ ಸಮಾಚಾರ

‘ಮುಲಾಖತ್’ ಎಂಬುದು ಅರಬ್ಬಿಯಿಂದ ನಮ್ಮ ಆಡುಮಾತಿಗೆ ಬಂದ ಪದ. ಮೂಲದಲ್ಲಿ ಅದಕ್ಕೆ ಭೇಟಿ ಎಂದಷ್ಟೇ ಅರ್ಥ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮಗನೋ ಗಂಡನೋ ಜೈಲು ಸೇರಿದ ಮನೆಯಲ್ಲಿ ಆ ಪದದ ತೂಕವೇ ಬೇರೆ. ಒಂದು ದಿನದ ಕೂಲಿ ಬಿಡಬೇಕು, ನಸುಕಿನಲ್ಲೆದ್ದು ಬುತ್ತಿ ಕಟ್ಟಿಕೊಳ್ಳಬೇಕು, ಬಸ್ಸು ಹಿಡಿದು ಬೆಳಗಾವಿಗೆ ಹೋಗಿ, ಅಲ್ಲಿಂದ ಹಿಂಡಲಗಾ ಜೈಲಿನ ಬಾಗಿಲಿಗೆ ಹೋಗಿ ಹೆಸರು ಬರೆಸಬೇಕು. ಹುಕ್ಕೇರಿಯಿಂದ ಬೆಳಗಾವಿ ಸುಮಾರು 50 ಕಿ.ಮೀ., ಗೋಕಾಕದಿಂದ 60–70, ಮೂಡಲಗಿಯಿಂದ ಇನ್ನೂ ದೂರ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಕೆಲವೇ ನಿಮಿಷಗಳ ಮಾತು, ಅದೂ ನಡುವೆ ಜಾಲರಿ ಇಟ್ಟುಕೊಂಡು.

ಈ ಕೆಲವು ನಿಮಿಷಗಳಿಗೂ ಒಂದು ಇತಿಹಾಸವಿದೆ. ಕಾಗದದಿಂದ ಫೋನಿಗೆ, ಫೋನಿನಿಂದ ವಿಡಿಯೊ ಪರದೆಗೆ ಬಂದ ಈ ಇತಿಹಾಸದಲ್ಲಿ ಒಂದು ಸಂಗತಿ ಮಾತ್ರ ಬದಲಾಗಿಲ್ಲ. ಮಾತನಾಡುವ ಸಾಧನ ಎಂದಿಗೂ ಕೈದಿಯದೂ ಅಲ್ಲ, ಅವನ ಮನೆಯವರದೂ ಅಲ್ಲ, ಅದು ಜೈಲಿನದು. ಬದಲಾದದ್ದು ಆ ಸಾಧನದ ಮೇಲಿನ ಹಕ್ಕಿನ ಕಲ್ಪನೆ.

ಕಾಗದ ಎಂಬ ಬಹುಮಾನ

ಭಾರತದ ಸೆರೆಮನೆಗಳನ್ನು ಬಹುಕಾಲ ಆಳಿದ್ದು ಬ್ರಿಟಿಷರು 1894ರಲ್ಲಿ ಮಾಡಿದ ಕಾರಾಗೃಹ ಕಾಯ್ದೆ. ಆ ವ್ಯವಸ್ಥೆಯ ಕಣ್ಣಿನಲ್ಲಿ ಮನೆಗೆ ಕಾಗದ ಬರೆಯುವುದು ಕೈದಿಯ ಹಕ್ಕಾಗಿರಲಿಲ್ಲ, ಒಳ್ಳೆಯ ನಡತೆಗೆ ಕೊಡುವ ಬಹುಮಾನವಾಗಿತ್ತು. ತಪ್ಪು ನಡೆದರೆ ಮೊದಲು ಕಸಿದುಕೊಳ್ಳುತ್ತಿದ್ದುದೂ ಅದನ್ನೇ. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿದ್ದವರಿಗೆ ಸಿಗುತ್ತಿದ್ದುದು ವರ್ಷಕ್ಕೊಂದು ಕಾಗದದ ಅವಕಾಶ. ಮನೆಯಲ್ಲಿ ಹುಟ್ಟಿದ ಕೂಸು ನಡೆಯಲು ಕಲಿತ ಮೇಲೆ, ಅದು ಹುಟ್ಟಿದ ಸುದ್ದಿ ತಂದೆಗೆ ತಲುಪುವಂಥ ಏರ್ಪಾಡು ಅದು.

ಕಾಗದಕ್ಕೂ ಅಂತಸ್ತು ಇತ್ತು. ಲಾಹೋರ್ ಜೈಲಿನಲ್ಲಿ 1929ರಲ್ಲಿ ಜತೀಂದ್ರನಾಥ ದಾಸರು ಉಪವಾಸದಿಂದ ಪ್ರಾಣಬಿಟ್ಟ ಮೇಲೆ, 1930ರಲ್ಲಿ ಸರ್ಕಾರ ಕೈದಿಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಿತು. ಓದು, ಆಸ್ತಿ, ಸಮಾಜದಲ್ಲಿನ ಸ್ಥಾನಮಾನ ನೋಡಿ ವರ್ಗ ನಿಗದಿಯಾಗುತ್ತಿತ್ತು. ಊಟ, ಬಟ್ಟೆಯಂತೆ ಕಾಗದ ಮತ್ತು ಭೇಟಿಗಳ ಲೆಕ್ಕವೂ ವರ್ಗವನ್ನೇ ಅನುಸರಿಸುತ್ತಿತ್ತು. ವಕೀಲರಿಗೂ ಜಮೀನುದಾರರಿಗೂ ಮೇಲಿನ ವರ್ಗ. ಹೊಲದಿಂದ, ಗಿರಣಿಯಿಂದ ಬಂದ ಸತ್ಯಾಗ್ರಹಿಗೆ ಸಾಮಾನ್ಯವಾಗಿ ‘ಸಿ’ ವರ್ಗ. ಒಂದೇ ಚಳವಳಿ, ಒಂದೇ ಜೈಲು. ಆದರೆ ಒಬ್ಬನ ತಾಯಿಗೆ ಸುದ್ದಿ ಬೇಗ, ಇನ್ನೊಬ್ಬನ ತಾಯಿಗೆ ತಡ.

ಬೆಳಗಾವಿಯ ಹಿಂಡಲಗಾ ಜೈಲು ಕಟ್ಟಿದ್ದು 1923ರಲ್ಲಿ. ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ಎಷ್ಟೋ ಸ್ವಾತಂತ್ರ್ಯ ಹೋರಾಟಗಾರರಿಗೆ ಅದು ಪರಿಚಿತ ಸ್ಥಳವಾಯಿತು. ‘ನರಬಲಿ’ ಕವಿತೆಗಾಗಿ ದ.ರಾ. ಬೇಂದ್ರೆಯವರು ಸೆರೆಯಲ್ಲಿದ್ದುದೂ ಇಲ್ಲಿಯೇ. ಅದೇ 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ನಡೆದ ಒಂದು ಸಂಗತಿ ಈ ಸೀಮೆಗೆ ಸಂಬಂಧಪಟ್ಟದ್ದು. ಜೈಲಿನ ಹಿಂಸೆ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಡಾ. ನಾ.ಸು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದವರು ಮಾತ್ರ ಒಪ್ಪಲಿಲ್ಲ. ಮುಂದೆ ಹಿಂದುಸ್ತಾನಿ ಸೇವಾದಳ ಕಟ್ಟಿದ, ಘಟಪ್ರಭೆಯಲ್ಲಿ 1929ರಲ್ಲಿ ಆರೋಗ್ಯ ಸಂಸ್ಥೆ ತೆರೆದ ಹರ್ಡೀಕರರು ಇವರೇ. ಮನೆಗೆ ಬರೆಯಲು ಹಾಳೆ ಲೆಕ್ಕಮಾಡಿ ಕೊಡುತ್ತಿದ್ದ ಜೈಲು, ಕ್ಷಮಾಪಣೆ ಬರೆಯಲು ಮಾತ್ರ ಎಂದೂ ಹಾಳೆಯ ಕೊರತೆ ಮಾಡಲಿಲ್ಲ.

1942ರ ‘ಚಲೇಜಾವ್’ ಚಳವಳಿಯಲ್ಲಿ ಬೆಳಗಾವಿ ಜಿಲ್ಲೆ ಮುಂಚೂಣಿಯಲ್ಲಿತ್ತು. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’ ಕಾದಂಬರಿಗೆ ವಸ್ತುವಾದದ್ದು ಆ ಹೋರಾಟವೇ. ತಂತಿ ಕಡಿಯುವುದು, ಅಂಚೆಯ ಚೀಲ ಕಿತ್ತುಕೊಳ್ಳುವುದು, ಚಾವಡಿಯ ದಫ್ತರ ಸುಡುವುದು ಆಗಿನ ಹೋರಾಟದ ರೀತಿ. ಸರ್ಕಾರದ ಅಂಚೆಯನ್ನು ತಡೆದವರು ಸೆರೆ ಸೇರಿದ ಮೇಲೆ ಮನೆಯ ಸುದ್ದಿಗಾಗಿ ಅದೇ ಅಂಚೆಯ ದಾರಿ ಕಾಯಬೇಕಾದದ್ದು ಇತಿಹಾಸದ ವಿಪರ್ಯಾಸ.

ಆಗ ಸರ್ಕಾರ ರಾಜಕೀಯ ಬಂಧಿಗಳಿಗೆ ಹಾಕಿದ ಷರತ್ತೊಂದು ಇನ್ನೂ ವಿಚಿತ್ರವಾದುದು. ಕುಟುಂಬದವರಿಗೆ ಮಾತ್ರ, ಮನೆವಾರ್ತೆಯ ವಿಷಯ ಮಾತ್ರ ಬರೆಯಬಹುದು ಎಂಬುದು ಆ ಷರತ್ತು. ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದ ಗಾಂಧೀಜಿ, ತಮಗೆ ರಕ್ತಸಂಬಂಧಿಕರು ಬೇರೆ, ಉಳಿದವರು ಬೇರೆ ಎಂಬ ಭೇದವಿಲ್ಲವೆಂದು ತಿಳಿಸಿ ಆ ಸೌಲಭ್ಯವನ್ನೇ ಬೇಡವೆಂದರು. ಕೈದಿಗೆ ‘ತನ್ನವರು’ ಯಾರು ಎಂಬುದನ್ನು ಜೈಲು ನಿರ್ಧರಿಸಬೇಕೋ ಕೈದಿ ನಿರ್ಧರಿಸಬೇಕೋ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಹೆಂಡತಿಗೆ ಕಳಿಸಿದ ಹಸ್ತಪ್ರತಿ

ಸ್ವಾತಂತ್ರ್ಯ ಬಂದ ಕೂಡಲೇ ಜೈಲಿನ ನಿಯಮಗಳು ಬದಲಾಗಲಿಲ್ಲ. ಕರ್ನಾಟಕದ ಕಾರಾಗೃಹ ಕಾಯ್ದೆ ಬಂದದ್ದು 1963ರಲ್ಲಿ, ಅದರ ನಿಯಮಾವಳಿ 1974ರಲ್ಲಿ. ಆದರೆ ದಯೆಯಾಗಿದ್ದುದು ಹಕ್ಕಾಗಿ ಮಾರ್ಪಟ್ಟ ಕಥೆ ಮುಖ್ಯವಾಗಿ ನಡೆದದ್ದು ಸುಪ್ರೀಂ ಕೋರ್ಟಿನಲ್ಲಿ; ಅದಕ್ಕೆ ಕಾರಣರಾದವರು ಕೈದಿಗಳೇ.

ಮೊದಲನೆಯವರು ಮುಂಬೈಯಲ್ಲಿ ಬಂಧಿಯಾಗಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ. ಅವರು ಸೆರೆಯಲ್ಲಿ ಕೂತು ಅಣುವಿನ ಅಂತರಂಗದ ಬಗ್ಗೆ ಮರಾಠಿಯಲ್ಲಿ ಒಂದು ವಿಜ್ಞಾನ ಗ್ರಂಥ ಬರೆದರು. ಅಚ್ಚು ಹಾಕಿಸಲು ಅದನ್ನು ಹೆಂಡತಿಗೆ ಕಳಿಸಲು ಅನುಮತಿ ಕೇಳಿದರು. ಸರ್ಕಾರ ಒಪ್ಪಲಿಲ್ಲ. 1965ರಲ್ಲಿ ಸುಪ್ರೀಂ ಕೋರ್ಟ್, ಬಂಧನದ ನಿಯಮಗಳಲ್ಲಿ ಇಲ್ಲದ ನಿರ್ಬಂಧವನ್ನು ಅಧಿಕಾರಿಗಳು ಹೇರುವಂತಿಲ್ಲ ಎಂದಿತು.

ಎರಡನೆಯದು ದೆಹಲಿಯ ತಿಹಾರ್ ಜೈಲಿನ ಸುನೀಲ್ ಬಾತ್ರಾ ಪ್ರಕರಣ. ಸಹಕೈದಿಯೊಬ್ಬನಿಗೆ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಬಾತ್ರಾ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದ. ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಭದ್ರತೆಗೆ ಬೇಕಾದ ತಪಾಸಣೆಗೆ ಒಳಪಟ್ಟು, ಮನೆಯವರು ಮತ್ತು ಸ್ನೇಹಿತರ ಭೇಟಿ ಕೈದಿಗೆ ಸಿಗಲೇಬೇಕೆಂಬ ಮಾತು ಆ ತೀರ್ಪಿನಲ್ಲಿತ್ತು.

ಮೂರನೆಯದು 1981ರ ಜನವರಿಯ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣ. ಕಳ್ಳಸಾಗಣೆ ತಡೆ ಕಾಯ್ದೆಯಲ್ಲಿ ಬಂಧಿತಳಾದ ಈ ಬ್ರಿಟಿಷ್ ಮಹಿಳೆಗೆ ಐದು ವರ್ಷದ ಮಗಳಿದ್ದಳು. ಆ ಕೂಸನ್ನು ತಾಯಿ ತಿಂಗಳಿಗೊಮ್ಮೆ ಮಾತ್ರ ನೋಡಬಹುದಾಗಿತ್ತು. ಅದೇ ದೆಹಲಿಯಲ್ಲಿ ವಿಚಾರಣಾಧೀನ ಕೈದಿಗೆ ವಾರಕ್ಕೆರಡು ಭೇಟಿ, ಶಿಕ್ಷೆಯಾದವರಿಗೆ ವಾರಕ್ಕೊಂದು. ತಿಂಗಳಿಗೊಂದೆಂಬ ನಿಯಮವನ್ನು ನ್ಯಾಯಾಲಯ ಹೊಡೆದುಹಾಕಿತು. ಮನೆಯವರನ್ನು ಕಾಣುವುದು ಸಂವಿಧಾನದ 21ನೇ ವಿಧಿ ಹೇಳುವ ಬದುಕುವ ಹಕ್ಕಿನ ಭಾಗ ಎಂದು ಸಾರಿತು. ಅಂದಿನಿಂದ ಮುಲಾಖತ್ ಬಹುಮಾನವಾಗಿ ಉಳಿಯಲಿಲ್ಲ.

ಫೋನು ಬಂತು, ಪರದೆ ಬಂತು

ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ 1964ರಲ್ಲಿ ರಾಬೆನ್ ದ್ವೀಪದ ಜೈಲು ಸೇರಿದಾಗ ಅವರಿಗಿದ್ದುದು ಆರು ತಿಂಗಳಿಗೊಂದು ಕಾಗದ, ಒಂದು ಭೇಟಿ. ವಿಶ್ವಸಂಸ್ಥೆ 2015ರಲ್ಲಿ ಪರಿಷ್ಕರಿಸಿದ ಕೈದಿಗಳ ನಿಯಮಗಳಿಗೆ ಅವರದೇ ಹೆಸರು ಇಟ್ಟದ್ದು ಉಚಿತವಾಗಿದೆ. ಅದರ 58ನೇ ನಿಯಮ ಕಾಗದ, ಭೇಟಿಗಳ ಜೊತೆಗೆ ದೂರವಾಣಿ ಮತ್ತು ಇತರ ವಿದ್ಯುನ್ಮಾನ ಸಾಧನಗಳ ಮಾತನ್ನೂ ಆಡುತ್ತದೆ. ಭಾರತದ 2016ರ ಮಾದರಿ ಕಾರಾಗೃಹ ಕೈಪಿಡಿಯೂ ಹಣ ತೆತ್ತು ಫೋನು ಬಳಸಲು ಅವಕಾಶ ಕೊಟ್ಟಿತು. ಜೈಲಿನ ಫೋನು ಊರಿನ ಎಸ್‌ಟಿಡಿ ಬೂತಿನಂತಲ್ಲ. ಕೈದಿ ಮೊದಲೇ ಬರೆಸಿ, ಅಧಿಕಾರಿಗಳು ಪರಿಶೀಲಿಸಿದ ನಂಬರಿಗೆ ಮಾತ್ರ ಕರೆ ಹೋಗುತ್ತದೆ. ಸಮಯಕ್ಕೆ ಮಿತಿ ಇರುತ್ತದೆ. ಮಾತು ಮೂರನೆಯವರ ಕಿವಿಗೂ ಬೀಳಬಹುದು. ಹಿಂದೆ ಕಾಗದ ಒಡೆದು ಓದುತ್ತಿದ್ದವರ ಕೆಲಸವೇ ಈಗ ಯಂತ್ರಕ್ಕೆ ಬಂದಿದೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ದೇಶದ ಜೈಲುಗಳಲ್ಲಿ ಮುಲಾಖತ್ ನಿಂತುಹೋಯಿತು. ಒಳಗಿದ್ದವರಿಗೆ ಮನೆಯವರು ಬದುಕಿದ್ದಾರೋ ಇಲ್ಲವೋ ಎಂಬ ಚಿಂತೆ, ಹೊರಗಿದ್ದವರಿಗೆ ಒಳಗಿದ್ದವರ ಚಿಂತೆ. ಆಗ ವಿಡಿಯೊ ಭೇಟಿಯ ‘ಇ-ಮುಲಾಖತ್’ ವ್ಯಾಪಕ ಬಳಕೆಗೆ ಬಂತು. ಮನೆಯವರು ತಮ್ಮ ಹೆಸರು, ಕೈದಿಯ ಹೆಸರು, ಜೈಲಿನ ವಿವರ ತುಂಬಿ ಅಂತರ್ಜಾಲದಲ್ಲಿ ಅರ್ಜಿ ಹಾಕಬೇಕು. ಮೊಬೈಲಿಗೆ ಬಂದ ಒಟಿಪಿ ಒತ್ತಬೇಕು. ಜೈಲು ಒಪ್ಪಿದ ಮೇಲೆ ನಿಗದಿಯಾದ ವೇಳೆಗೆ ಪರದೆಯ ಮುಂದೆ ಕೂಡಬೇಕು. ಅತ್ತ ಜೈಲಿನ ಪರದೆಯ ಮುಂದೆ ಕೈದಿ.

ದೂರದ ಊರಿನವರಿಗೆ ಇದು ಸಣ್ಣ ಉಪಕಾರವಲ್ಲ. ವೀರಪ್ಪನ್ ಸಹಚರರೆಂದು ಗಲ್ಲುಶಿಕ್ಷೆಗೆ ಗುರಿಯಾದ ನಾಲ್ವರು 2013ರಲ್ಲಿ ಹಿಂಡಲಗಾದಲ್ಲಿದ್ದರು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಮಲೆಮಹದೇಶ್ವರ ಬೆಟ್ಟದ ಸೀಮೆ ರಾಜ್ಯದ ಒಂದು ತುದಿ, ಬೆಳಗಾವಿ ಇನ್ನೊಂದು ತುದಿ. ಅಂಥ ಅಂತರದಲ್ಲಿ ಬಡವರ ಪಾಲಿಗೆ ಭೇಟಿಯ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಯಾರ ಸಾಧನ, ಯಾರ ಖರ್ಚು?

ಜೈಲು ತನ್ನದೇ ಸಾಧನದ ಹಟ ಹಿಡಿಯಲು ಕಾರಣವಿಲ್ಲದಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರ ನಾಗಪುರದ ಕಚೇರಿಗೆ ಬಂದ ಬೆದರಿಕೆ ಕರೆಯ ಜಾಡು ಹಿಡಿದ ಪೊಲೀಸರು ತಲುಪಿದ್ದು ಹಿಂಡಲಗಾ ಜೈಲಿಗೆ. ಕಳ್ಳದಾರಿಯಲ್ಲಿ ಒಳಬಂದ ಮೊಬೈಲಿಗೆ ತಪಾಸಣೆಯಿಲ್ಲ, ಮಿತಿಯಿಲ್ಲ. ಆದರೆ ಕಳ್ಳ ಮೊಬೈಲು ಹಿಡಿದವರೆಲ್ಲ ಬೆದರಿಸಲಿಕ್ಕೇ ಹಿಡಿದವರಲ್ಲ. ಮನೆಯವರ ದನಿ ಕೇಳುವ ನೇರ ದಾರಿ ಕಿರಿದಾದಷ್ಟೂ ಕಳ್ಳದಾರಿಗೆ ಗಿರಾಕಿಗಳು ಹೆಚ್ಚು.

ಇನ್ನೊಂದು ಅಪಾಯವನ್ನು ಅಮೆರಿಕ ತೋರಿಸಿಕೊಟ್ಟಿದೆ. ಅಲ್ಲಿ ಜೈಲಿನ ಫೋನು, ಕೈದಿಗಳಿಗೆ ಕೊಡುವ ಟ್ಯಾಬ್ಲೆಟ್, ಅದರಲ್ಲಿ ಕಳಿಸುವ ಸಂದೇಶ ಎಲ್ಲವೂ ಬಹುಮಟ್ಟಿಗೆ ಖಾಸಗಿ ಕಂಪನಿಗಳ ವ್ಯಾಪಾರ. ವಾಷಿಂಗ್ಟನ್ ನಗರದ ಮಾರ್ಥಾ ರೈಟ್ ಎಂಬ ಕಣ್ಣು ಕಾಣದ ಅಜ್ಜಿ, ಸೆರೆಯಲ್ಲಿದ್ದ ಮೊಮ್ಮಗನೊಡನೆ ಮಾತನಾಡಲು ತೆರಬೇಕಾದ ದುಬಾರಿ ದರದ ವಿರುದ್ಧ 2000ದಲ್ಲಿ ದಾವೆ ಹೂಡಿದಳು. ಆಕೆ 2015ರಲ್ಲಿ ತೀರಿಕೊಂಡಳು. ಎಲ್ಲ ಬಗೆಯ ಕರೆಗಳ ದರಕ್ಕೂ ಕಡಿವಾಣ ಹಾಕುವ ಅಧಿಕಾರವನ್ನು ಸರ್ಕಾರಿ ಆಯೋಗಕ್ಕೆ ಕೊಟ್ಟ ಕಾಯ್ದೆಗೆ 2023ರ ಜನವರಿಯಲ್ಲಿ ಅಧ್ಯಕ್ಷರ ಅಂಕಿತ ಬಿತ್ತು. ಆ ಕಾಯ್ದೆಗೆ ಆಕೆಯ ಹೆಸರೂ ಇದೆ. ಕನೆಕ್ಟಿಕಟ್ ರಾಜ್ಯವಂತೂ 2021ರಲ್ಲಿ ಕಾನೂನು ಮಾಡಿ ಜೈಲಿನ ಕರೆಗಳನ್ನೇ ಉಚಿತಗೊಳಿಸಿತು.

ಇದು ಬರೀ ಕರುಣೆಯ ಮಾತಲ್ಲ. ಅದೇ ದೇಶದ ಮಿನೆಸೋಟಾ ರಾಜ್ಯದ ಕಾರಾಗೃಹ ಇಲಾಖೆ 16,000ಕ್ಕೂ ಹೆಚ್ಚು ಮಾಜಿ ಕೈದಿಗಳ ಲೆಕ್ಕ ಹಿಡಿದು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸೆರೆಯಲ್ಲಿದ್ದಾಗ ಭೇಟಿಗೆ ಜನ ಬಂದವರಲ್ಲಿ, ಬಿಡುಗಡೆಯ ಬಳಿಕ ಮತ್ತೆ ಗಂಭೀರ ಅಪರಾಧಕ್ಕೆ ಶಿಕ್ಷೆಯಾಗುವ ಸಂಭವ ಶೇ 13ರಷ್ಟು ಕಡಿಮೆ ಎಂದು ಅದು ಕಂಡುಕೊಂಡಿತು. ಮನೆಯ ನಂಟು ಕಡಿಯದಿದ್ದವನಿಗೆ ಮರಳಲು ಮನೆ ಇರುತ್ತದೆ. ನಮ್ಮಲ್ಲಿ ಇನ್ನೊಂದು ಮಾತನ್ನೂ ನೆನಪಿಡಬೇಕು. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ನ್ಯಾಯಾಲಯ ಅವರನ್ನು ಇನ್ನೂ ಅಪರಾಧಿಗಳೆಂದು ಹೇಳಿರಲಿಲ್ಲ.

ಹಿಂದೆ ಗೋಕಾಕದ ಕಡೆಯ ಹಳ್ಳಿಯಲ್ಲಿ ಓದುಬರಹ ತಿಳಿಯದ ತಾಯಿ ಮಗನಿಗೆ ಕಾಗದ ಬರೆಸಬೇಕಾದರೆ ಶಾಲೆಯ ಮಾಸ್ತರರನ್ನೋ ಅಂಚೆಯವನನ್ನೋ ಹುಡುಕಬೇಕಾಗಿತ್ತು. ‘ಉಭಯ ಕುಶಲೋಪರಿ’ ಎಂದು ಶುರುವಾಗುತ್ತಿದ್ದ ಆ ಕಾಗದವನ್ನು ಜೈಲಿನಲ್ಲಿ ಅಧಿಕಾರಿ ಓದಿ, ಆಮೇಲೆ ಮಗ ಓದುತ್ತಿದ್ದ. ಇಂದು ಅಂಥದೇ ತಾಯಿ ಮೊಬೈಲು ಹಿಡಿದ ನೆರೆಮನೆಯ ಹುಡುಗನನ್ನು ಹುಡುಕಬೇಕು. ಅರ್ಜಿ ತುಂಬುವವನೂ ಅವನೇ, ಒಟಿಪಿ ಒತ್ತುವವನೂ ಅವನೇ. ಮನೆಯ ದುಃಖವನ್ನು ಪರರ ಎದುರು ಬಿಚ್ಚದೆ ಅವಳಿಗೆ ಅಂದೂ ದಾರಿಯಿರಲಿಲ್ಲ, ಇಂದೂ ಇಲ್ಲ.

2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಕೈದಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆಯಲ್ಲ ಅದು. ಆದರೂ ಮೂಡಲಗಿಯಿಂದ ಹಿಂಡಲಗಾಕ್ಕೆ ಹೋಗುವ ತಾಯಿಗೆ ಪರದೆಗಿಂತ ಅದೇ ಹೆಚ್ಚಿನ ನೆರವಾಗಿದ್ದರೆ ಆಶ್ಚರ್ಯವಿಲ್ಲ. ಪರದೆ ಮುಖ ತೋರಿಸುತ್ತದೆ, ಮಾತು ಕೇಳಿಸುತ್ತದೆ. ಮಗ ಸೊರಗಿದ್ದಾನೋ, ನಿದ್ದೆ ಮಾಡಿದ್ದಾನೋ, ‘ಆರಾಮ ಅದೀನಿ’ ಎಂಬುದು ನಿಜವೋ ಸುಳ್ಳೋ ಎಂದು ತಿಳಿಯಲು ಅವಳಿಗೆ ಅವನೆದುರೇ ನಿಲ್ಲಬೇಕು. ಪರದೆಯಿದೆಯಲ್ಲ ಎಂಬ ಕಾರಣಕ್ಕೆ ಆ ಬಾಗಿಲು ಕಿರಿದಾಗದಿದ್ದರೆ, 1981ರ ತೀರ್ಪು ಕೊಟ್ಟ ಹಕ್ಕು ಅವಳ ಪಾಲಿಗೂ ಉಳಿದೀತು.