ಬಂಜಿಬೇನೆಯಿಂದ ಎಂಡೋಸ್ಕೋಪಿವರೆಗೆ

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಹೊಟ್ಟೆಯ ದೂರು ನಾಲ್ಕೈದು ಭಾಷೆಗಳಲ್ಲಿ ಬರುತ್ತದೆ. ತುಳುವರಿಗೆ ಅದು ಬಂಜಿಬೇನೆ, ಕೊಂಕಣಿಗರಿಗೆ ಪೊಟಾಂತ್ ದೂಕ್. ಕಾಸರಗೋಡಿನ ಕಡೆಯವರದ್ದು ಮಲಯಾಳವೋ ಬ್ಯಾರಿಯೋ ಆಗಿರುತ್ತದೆ, ಘಟ್ಟದ ಮೇಲಿನವರ ಕನ್ನಡವೇ ಬೇರೆ. ಇವರೆಲ್ಲರೂ ಒಂದಾಗುವುದು ಒಂದೇ ಪದದಲ್ಲಿ: ಗ್ಯಾಸ್ಟ್ರಿಕ್. ‘ಗ್ಯಾಸ್ಟ್ರಿಕ್ ಉಂಟು ಡಾಕ್ಟ್ರೇ’ ಎಂದವರಿಗೆ ಎದೆಯುರಿ ಇರಬಹುದು, ಹುಳಿತೇಗು ಇರಬಹುದು, ಹೊಟ್ಟೆಯುಬ್ಬರ ಇರಬಹುದು. ಕೆಲವೊಮ್ಮೆ ಅದು ಹೃದಯಾಘಾತದ ಮೊದಲ ನೋವೂ ಆಗಿರುತ್ತದೆ. ಇಂಗ್ಲಿಷಿನಲ್ಲಿ ಜಠರಕ್ಕೆ ಸಂಬಂಧಿಸಿದ್ದು ಎನ್ನುವ ಬರೀ ವಿಶೇಷಣವಾಗಿದ್ದ ಪದ ನಮ್ಮಲ್ಲಿ ಬಂದು ತಾನೇ ಒಂದು ಕಾಯಿಲೆಯಾಗಿಬಿಟ್ಟಿದೆ.

ಇಲ್ಲಿ ಬಹಳಷ್ಟು ಮಂದಿಗೆ ಕನ್ನಡ ಮನೆಮಾತಲ್ಲ, ಶಾಲೆಯಲ್ಲಿ ಕಲಿತ ಮಾತು. ಹಾಗಾಗಿ ಪುಸ್ತಕದಲ್ಲಿ ಹುಟ್ಟಿದ ವೈದ್ಯಪದ ಗಟ್ಟಿಯೋ ಪೊಳ್ಳೋ ಎನ್ನುವುದು ಈ ಊರಿನಲ್ಲಿ ಬೇಗ ತಿಳಿಯುತ್ತದೆ. ನಾನು ನೋಡಿದಂತೆ, ಹೊಟ್ಟೆಯ ವಿಷಯದಲ್ಲಿ ಕನ್ನಡಕ್ಕೆ ಪದಗಳ ಬರ ಇಲ್ಲ. ಇರುವ ಪದಗಳು ಮೂರು ಬೇರೆ ಬೇರೆ ಕಾಲದಿಂದ ಬಂದು ಒಂದರ ಮೇಲೊಂದು ಕೂತಿವೆ, ಒಂದರೊಡನೊಂದು ಮಾತಾಡುವುದಿಲ್ಲ.

ಮೊದಲನೆಯದು ಆಯುರ್ವೇದದ ಪದರ. ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ ಬರೆಯುವ ಹೊತ್ತಿಗೇ ಕನ್ನಡ ವೈದ್ಯದ ಭಾಷೆಯಾಗಿತ್ತು. ಅಜೀರ್ಣ, ಅತಿಸಾರ, ಶೂಲೆ, ಕಾಮಾಲೆ, ಜಲೋದರ, ಭಗಂದರ ಎಲ್ಲ ಈ ಪರಂಪರೆಯವು. ಜೀರ್ಣವಾಗದೆ ಉಳಿದ ‘ಆಮ’ ಎಂಬ ಕಲ್ಪನೆ ಇಂದಿಗೂ ಆಮಶಂಕೆಯಲ್ಲಿ ಉಳಿದಿದೆ. ತೊಡಕು ಶುರುವಾದದ್ದು ಇದೇ ಪದಗಳನ್ನು ಆಮೇಲೆ ಪಾಶ್ಚಾತ್ಯ ಅಂಗರಚನೆಗೆ ಹೊಂದಿಸಿದಾಗ. ಆಯುರ್ವೇದದಲ್ಲಿ ಗುಲ್ಮ ಎಂದರೆ ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ. ನಮ್ಮ ಶಾಲಾ ಪುಸ್ತಕದಲ್ಲಿ ಅದು ಪ್ಲೀಹಕ್ಕೆ ಹೆಸರು. ಗ್ರಹಣಿ ಅಂಗವೂ ಹೌದು, ರೋಗವೂ ಹೌದು. ಪಿತ್ತದ ಕಥೆ ಇನ್ನೂ ಗೋಜಲು. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ವೈದ್ಯರು ಹೇಳಿದರೆ ರೋಗಿಗೆ ಕೇಳಿಸುವುದು ತಲೆಸುತ್ತಿ ವಾಂತಿ ಬರಿಸುವ, ಬಿಸಿಲಿಗೆ ಕೆರಳುವ ಪಿತ್ತ. ಕೇಳಿದ್ದು ತಪ್ಪಲ್ಲ, ಆ ಪದಕ್ಕೆ ಅವರ ಮನೆಯಲ್ಲಿ ಅಜ್ಜಿಯ ಕಾಲದಿಂದ ಇರುವ ಅರ್ಥವೇ ಅದು.

ಎರಡನೆಯ ಪದರಕ್ಕೆ ಮಂಗಳೂರೇ ತವರು. ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹನ್ನೊಂದೇ ವರ್ಷಗಳಲ್ಲಿ ಮೂರು ಭಾಷೆಗಳ ನಿಘಂಟುಗಳು ಹೊರಬಂದವು: 1883ರಲ್ಲಿ ಮಫಾಯಿ ಪಾದ್ರಿಗಳ ಕೊಂಕಣಿ, 1886ರಲ್ಲಿ ಮ್ಯಾನರ್ ಅವರ ತುಳು, 1894ರಲ್ಲಿ ಕಿಟೆಲ್ ಅವರ ಕನ್ನಡ. ಇವು ವೈದ್ಯಕೋಶಗಳಲ್ಲ. ಆದರೆ ಈ ನಾಡಿನವರು ತಮ್ಮ ದೇಹವನ್ನು ಯಾವ ಮಾತಿನಿಂದ ಕರೆಯುತ್ತಿದ್ದರು ಎನ್ನುವುದನ್ನು ಅಕ್ಷರಕ್ಕಿಳಿಸಿದ್ದು ಇವೇ. ಅದೇ ಹೊತ್ತಿಗೆ ಯುರೋಪು, ಅಮೆರಿಕಗಳಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಓಟ ಹಿಡಿದಿತ್ತು. 1881ರಲ್ಲಿ ವಿಯೆನ್ನಾದ ಬಿಲ್‌ರೋತ್ ಜಠರದ ಒಂದು ಭಾಗವನ್ನು ತೆಗೆದು ರೋಗಿಯನ್ನು ಉಳಿಸಿಕೊಂಡರು. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಪಿತ್ತಕೋಶವನ್ನೇ ತೆಗೆದರು. ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ‘ಅಪೆಂಡಿಸೈಟಿಸ್’ ಎಂಬ ಪದವನ್ನು ಮುಂದಿಟ್ಟದ್ದು 1886ರಲ್ಲಿ, ತುಳು ನಿಘಂಟು ಅಚ್ಚಾದ ವರ್ಷವೇ. ನಮ್ಮ ನಿಘಂಟುಕಾರರು ಹಳೆಯ ಮಾತುಗಳನ್ನು ಹೆಕ್ಕುತ್ತಿದ್ದಾಗ ಹೊಸ ಕಾಯಿಲೆಯ ಹೆಸರು ಹಡಗು ಹತ್ತಿರಲಿಲ್ಲ. ಬಂದಾಗ ಇಡಿಯಾಗಿ ಬಂತು. ಕರುಳುಬಾಲ ಎಂಬ ಪದ ಪುಸ್ತಕದಲ್ಲಿ ಉಳಿಯಿತು; ಜನ ‘ಅಪೆಂಡಿಕ್ಸ್ ಆಗಿದೆ’ ಎಂದು ಅಂಗದ ಹೆಸರನ್ನೇ ರೋಗಕ್ಕಿಟ್ಟರು.

ಇದರ ಪಕ್ಕದಲ್ಲೇ ಇನ್ನೊಂದು ಧಾರೆ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧ ಕೊಡಲು ತೊಡಗಿದರು. ಆ ಪದ್ಧತಿಯಲ್ಲಿ ಅಜೀರ್ಣಕ್ಕೆ ಹೆಸರಾದ ನಕ್ಸ್ ವೋಮಿಕಾ ನಮ್ಮ ಗುಡ್ಡಗಳ ಕಾಸರಕವೇ. ಕಾಸರಗೋಡಿನ ಹೆಸರನ್ನು ಆ ಮರಕ್ಕೆ ಜೋಡಿಸುವವರೂ ಇದ್ದಾರೆ. ಊರಿನ ಮರ ಲ್ಯಾಟಿನ್ ಹೆಸರು ಹೊತ್ತು ಜರ್ಮನ್ ಪಾದ್ರಿಯ ಸೀಸೆಯಲ್ಲಿ ಊರಿಗೇ ಮರಳಿತು.

ಎರಡನೆಯ ಪದರದ್ದೇ ಮುಂದುವರಿಕೆ ಶಾಲಾ ಪುಸ್ತಕಗಳ ಕನ್ನಡ, ಅದು 20ನೇ ಶತಮಾನದ್ದು. ಅನ್ನನಾಳ, ಸಣ್ಣ ಕರುಳು, ದೊಡ್ಡ ಕರುಳು ಸಲೀಸಾಗಿ ನಿಂತವು. ಪ್ಯಾಂಕ್ರಿಯಾಸಿನ ಹೆಸರಾದ ಮೇದೋಜೀರಕ ಗ್ರಂಥಿ ಪರೀಕ್ಷೆಯ ಚಿತ್ರದಲ್ಲಿ ಬಾಣದ ಗುರುತಿನ ತುದಿಗೆ ಮಾತ್ರ ನಿಂತಿತು. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಒಬ್ಬರೇ ಬರೆದು, ವಿಜ್ಞಾನ ಹೇಳಲು ಕನ್ನಡ ಸಾಲದು ಎನ್ನುವವರ ಬಾಯಿ ಮುಚ್ಚಿಸಿದ್ದರು. ಆಮೇಲೆ ಪತ್ರಿಕೆಗಳ ಆರೋಗ್ಯ ಅಂಕಣಗಳು ಬಂದವು, ವೈದ್ಯರೇ ಬರೆಯತೊಡಗಿದರು. ಈ ಕಾಲದ ಗಳಿಕೆ ಯಾವುದು ಎಂದರೆ ನಾನು ‘ಉರಿಯೂತ’ ಎನ್ನುತ್ತೇನೆ. ಉರಿ ಮತ್ತು ಊತ, ಎರಡೂ ಮನೆಯ ಮಾತುಗಳು. ಗ್ರೀಕಿನ ‘ಐಟಿಸ್’ ಹೇಳಬೇಕಾದ್ದನ್ನೆಲ್ಲ ಅವು ಹೇಳುತ್ತವೆ. ಜಠರದ ಉರಿಯೂತ, ಕರುಳಿನ ಉರಿಯೂತ ಎಂದರೆ ತುಳುವರಿಗೂ ಬ್ಯಾರಿಗಳಿಗೂ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹುಣ್ಣು ಇನ್ನೊಂದು ಗಟ್ಟಿ ಪದ. ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಎಂದು ದಶಕಗಳ ಕಾಲ ಹೇಳಲಾಗುತ್ತಿತ್ತು. ಹೆಚ್ಚಿನ ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ 1980ರ ದಶಕದಲ್ಲಿ ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. ಕಾರಣದ ತಿಳುವಳಿಕೆ ತಲೆಕೆಳಗಾದರೂ ಹುಣ್ಣು ಎಂಬ ಮಾತಿಗೆ ಏನೂ ಆಗಲಿಲ್ಲ, ಅದು ಕಂಡದ್ದನ್ನಷ್ಟೇ ಹೇಳುತ್ತಿತ್ತು.

ಮೂರನೆಯ ಪದರ ಕ್ರಿಯೆಗಳದ್ದು. ಕನ್ನಡ ನಿಜವಾಗಿ ಎಡವಿದ್ದು ಇಲ್ಲೇ. 1868ರಲ್ಲಿ ಜರ್ಮನಿಯ ಕುಸ್ಮೌಲ್ ಕತ್ತಿ ನುಂಗುವ ಕಸುಬಿನವನೊಬ್ಬನ ಗಂಟಲಿಗೆ ನೆಟ್ಟನೆಯ ಕೊಳವೆ ಇಳಿಸಿ ಜಠರ ನೋಡಲು ಯತ್ನಿಸಿದರು. 1957ರಲ್ಲಿ ಹಿರ್ಶೊವಿಟ್ಜ್ ಬಾಗುವ ಗಾಜಿನೆಳೆಗಳ ಕೊಳವೆಯನ್ನು ಬಳಕೆಗೆ ತಂದರು. 1985ರಲ್ಲಿ ಮ್ಯೂಹೆ ಸಣ್ಣ ರಂಧ್ರದಿಂದ ಪಿತ್ತಕೋಶ ತೆಗೆದರು, 1990ರಲ್ಲಿ ಆ ಶಸ್ತ್ರಕ್ರಿಯೆ ಮುಂಬೈಗೆ ಬಂತು. ಈ ವೇಗಕ್ಕೆ ತಕ್ಕಂತೆ ಸಮಿತಿಗಳು ಪದ ಕಟ್ಟಿದ್ದು ನಿಜ: ಎಂಡೋಸ್ಕೋಪಿಗೆ ಅಂತರ್ದರ್ಶನ, ಲ್ಯಾಪರೊಸ್ಕೋಪಿಗೆ ಉದರದರ್ಶನ. ಆದರೆ ಯಂತ್ರದ ಪಕ್ಕದಲ್ಲಿ ನಿಂತವರಾರೂ ಅವನ್ನು ಆಡಲಿಲ್ಲ. ಜನ ‘ಸ್ಕೋಪಿ ಮಾಡಿಸಿದ್ದು’ ಎನ್ನುತ್ತಾರೆ, ಇಲ್ಲವೇ ‘ಪೈಪ್ ಹಾಕಿ ನೋಡಿದ್ದು’.

ಇಂಗ್ಲಿಷ್ ಹೆಸರುಗಳ ಬಾಲದಲ್ಲಿ ಅಡಗಿದ ಗ್ರೀಕ್ ಲೆಕ್ಕಾಚಾರ ಮಾತ್ರ ಯಾರಿಗೂ ದಾಟಲಿಲ್ಲ. ಗ್ಯಾಸ್ಟ್ರೋಸ್ಕೋಪಿ ಎಂದರೆ ಜಠರವನ್ನು ಒಳಗಿನಿಂದ ನೋಡುವುದು. ಗ್ಯಾಸ್ಟ್ರಾಟಮಿ ಕೊಯ್ದು ತೆರೆಯುವುದು. ಗ್ಯಾಸ್ಟ್ರಾಸ್ಟಮಿ ಜಠರಕ್ಕೆ ಹೊರಗಿನಿಂದ ಬಾಯಿ ಮಾಡುವುದು. ಗ್ಯಾಸ್ಟ್ರೆಕ್ಟಮಿ ತೆಗೆದೇಬಿಡುವುದು. ಕೇಳುವ ಕಿವಿಗೆ ನಾಲ್ಕೂ ಒಂದೇ. ಕೊಯ್ಯುವುದಕ್ಕೂ ಕಿತ್ತು ತೆಗೆಯುವುದಕ್ಕೂ ‘ಛೇದನ’ವನ್ನೇ ಬಳಸಿದರೆ ಸಂಸ್ಕೃತದ ಪದಕಟ್ಟಣೆಯೂ ಸಹಾಯಕ್ಕೆ ಬರುವುದಿಲ್ಲ. ನೋಡು, ಕೊಯ್ಯು, ಬಾಯಿ ಮಾಡು, ತೆಗೆ ಎಂಬ ನಾಲ್ಕು ಕ್ರಿಯಾಪದಗಳು ಈ ಕೆಲಸವನ್ನು ಸಲೀಸಾಗಿ ಮಾಡುತ್ತಿದ್ದವು. ವಾರ್ಡಿನ ನರ್ಸುಗಳು ಮಾಡುತ್ತಿರುವುದೂ ಅದನ್ನೇ. ‘ಹೊಟ್ಟೆಯ ಮೇಲೆ ಕರುಳಿಗೆ ಬಾಯಿ ಮಾಡಿ ಚೀಲ ಕಟ್ಟುತ್ತಾರೆ’ ಎಂದರೆ ಕೊಲೊಸ್ಟಮಿಯ ಪೂರ್ತಿ ವಿವರಣೆ ಮುಗಿಯಿತು. ಇದನ್ನು ಪದಕೋಶಗಳು ಪದವೆಂದು ಒಪ್ಪುವುದಿಲ್ಲ, ನಾಮಪದವೇ ಬೇಕು ಎನ್ನುತ್ತವೆ.

ನೋಡುವುದಕ್ಕೂ ತೆಗೆಯುವುದಕ್ಕೂ ಇರುವ ಈ ವ್ಯತ್ಯಾಸದಲ್ಲಿ ಕಾನೂನೂ ಇದೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ಲ್ಯಾಪರೊಸ್ಕೋಪಿಗೆ ಒಪ್ಪಿಗೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಆಕೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ನೋಡಲು ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಸಲ್ಲದು ಎಂದಿತು ನ್ಯಾಯಾಲಯ. ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತುವ ಯಾರಿಗೇ ಆದರೂ ‘ಸ್ಕೋಪಿ’ಗೂ ‘ಎಕ್ಟಮಿ’ಗೂ ಇರುವ ದೂರ ಗೊತ್ತಾಗದೆ ಇದ್ದರೆ ಆ ಕಾಗದಕ್ಕೆ ಏನು ಬೆಲೆ?

ಕ್ರಿಯೆಗಳ ಕನ್ನಡ ಹೆಸರು ಜನರ ಬಾಯಿಗೆ ಬರಲಿಲ್ಲ ಎಂಬ ನಿರಾಸೆಗೆ ಒಂದು ಅಪವಾದವಿದೆ. ಭಗಂದರಕ್ಕೆ, ಅಂದರೆ ಫಿಸ್ಟುಲಾಕ್ಕೆ, ಔಷಧ ಸವರಿದ ದಾರ ಕಟ್ಟುವ ಕ್ಷಾರಸೂತ್ರ ಉಡುಪಿ, ಮಂಗಳೂರುಗಳ ಆಯುರ್ವೇದ ಆಸ್ಪತ್ರೆಗಳಲ್ಲಿ ನಡೆಯುತ್ತಿರುವ ಚಿಕಿತ್ಸೆ. ಪದ ಸಂಸ್ಕೃತದ್ದೇ ಆದರೂ ರೋಗಿಗಳ ಬಾಯಲ್ಲಿದೆ. ಮಾಡುವವರು ಅದೇ ಹೆಸರಿನಲ್ಲಿ ಮಾಡುತ್ತಾರೆ, ಮಾಡಿಸಿಕೊಂಡವರು ಅದೇ ಹೆಸರಿನಲ್ಲಿ ನೆರೆಮನೆಯವರಿಗೆ ಹೇಳುತ್ತಾರೆ.

ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಶುರುವಾದಾಗಿನಿಂದ ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಈ ಕರಾವಳಿಗೆ ಬರುತ್ತಿದ್ದಾರೆ. ಈಗ ದೇರಳಕಟ್ಟೆ, ಕುಂಟಿಕಾನ, ಮುಕ್ಕದಲ್ಲೂ ಮೆಡಿಕಲ್ ಕಾಲೇಜುಗಳಿವೆ. 2019ರ ಎಂಬಿಬಿಎಸ್ ಪಠ್ಯಕ್ರಮ ಆರಂಭದ ತಿಂಗಳಲ್ಲೇ ಸ್ಥಳೀಯ ಭಾಷೆಯ ಕಲಿಕೆಗೆ ಜಾಗ ಕೊಟ್ಟಿತು. ಆ ತರಗತಿಯಲ್ಲಿ ಮೇದೋಜೀರಕ ಗ್ರಂಥಿ ಕಲಿಸುವ ಬದಲು ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿಯ ಹಿಂದಿನ ದಿನದ ಸೂಚನೆಯನ್ನು ಕಲಿಸಬಹುದು. ಕರುಳು ಖಾಲಿಯಾಗದೆ ಇದ್ದರೆ ಇಡೀ ಪರೀಕ್ಷೆ ಇನ್ನೊಮ್ಮೆ. ‘ತಿಳಿಯಾದ ದ್ರವ ಮಾತ್ರ’ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಕುಚ್ಚಲಕ್ಕಿ ಉಣ್ಣುವ ಈ ಊರಿನಲ್ಲಿ ಜನ ಗಂಜಿತಿಳಿ ಕುಡಿದು ಬರುತ್ತಾರೆ, ಅದು ಬಿಳಿ ಮಂದ ನೀರು. ಎಳನೀರು ಕುಡಿಯಬಹುದು, ಹಾಲು ಹಾಕದ ಚಹಾ ಕುಡಿಯಬಹುದು, ಗಂಜಿತಿಳಿ ಬೇಡ ಎಂದು ಮೂರು ಮಾತು ಬರೆದರೆ ಸಾಕಾಗುತ್ತದೆ.